ಹಾಗಲಕಾಯಿಗೆ ಡಾಕ್ಟರ್ ಪಟ್ಟ ಬೇಡ, ಸಂತೆಯಲ್ಲಿ ಜಾಗ ಕೊಡಿ

‘ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ’ ಎಂದು ಹಿರಿಯರು ಗಾದೆ ಮಾಡಿಟ್ಟರು. ಒಬ್ಬ ಕಹಿಯವನಿಗೆ ಇನ್ನೊಬ್ಬ ಕಹಿಯವನ ಜಾಮೀನು! ಈಗ ಬೇವಿನಕಾಯಿಗೂ ಕೆಲಸವಿಲ್ಲ. ಸಾಕ್ಷಿ ಹೇಳುವ ಕೆಲಸವನ್ನು ಮೊಬೈಲ್ ಫೋನು ವಹಿಸಿಕೊಂಡಿದೆ. ‘ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಾಗಲ ರಸ, ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಂಗಮಾಯ’ ಎಂಬಂಥ ಸಂದೇಶ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತಾ ಹಾರುತ್ತಾ ಹಳ್ಳಿ ಬಸ್ಸಿನ ಹಿಂದಿನ ಸೀಟಿನವರೆಗೂ ಬಂದು ಕೂತಿದೆ.

ಈ ಸಾಕ್ಷಿಯನ್ನು ನಂಬಿ ಕೆಡುವವರು ಇಬ್ಬರು. ಮಾತ್ರೆ ಬಿಟ್ಟು ಲೋಟ ಹಿಡಿದ ರೋಗಿ ಒಬ್ಬ. ‘ಪೇಟೆಯಲ್ಲಿ ಸಕ್ಕರೆ ಕಾಯಿಲೆಯವರು ಹೆಚ್ಚಾಗಿದ್ದಾರೆ, ಹಾಗಲಕ್ಕೆ ಬಂಗಾರದ ಬೆಲೆ ಬರ್ತದೆ’ ಎಂಬ ಮಾತು ಕೇಳಿ, ಕೈಲಿದ್ದ ಕಾಸನ್ನೆಲ್ಲ ಕಂಬಕ್ಕೂ ತಂತಿಗೂ ಸುರಿದು ಎಕರೆಗಟ್ಟಲೆ ಚಪ್ಪರ ಹಾಕುವ ರೈತ ಇನ್ನೊಬ್ಬ. ದಾವಣಗೆರೆ ಜಿಲ್ಲೆಯ ಒಣ ಸೀಮೆಯಾದ ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಂಥ ಕಡೆ ಈ ಎರಡೂ ಪೆಟ್ಟು ಒಂದೇ ಮನೆಗೆ ಬೀಳಬಹುದು. ಅಪ್ಪನಿಗೆ ಸಕ್ಕರೆ ಕಾಯಿಲೆ, ಮಗನಿಗೆ ಬೆಳೆ ಸಾಲ!

ಹಾಗಾದರೆ ಹಾಗಲಕಾಯಿ ಕೆಟ್ಟದ್ದೇ? ಖಂಡಿತಾ ಅಲ್ಲ. ಅದು ಒಳ್ಳೆಯ ತರಕಾರಿ, ಒಳ್ಳೆಯ ಬೆಳೆ. ತರಕಾರಿಯನ್ನು ತರಕಾರಿ ಎಂದು ತಿಂದರೆ, ತರಕಾರಿ ಎಂದು ಬೆಳೆದರೆ, ತರಕಾರಿ ಎಂದು ಮಾರಿದರೆ ಅದರಿಂದ ಯಾರಿಗೂ ಕೇಡಿಲ್ಲ. ಅದಕ್ಕೆ ಡಾಕ್ಟರ್ ಪಟ್ಟ ಕಟ್ಟಿದಾಗಲೇ ತೊಂದರೆ ಶುರು.

ಲೋಟದೊಳಗೆ ಏನಿದೆ?

ಮೊದಲು ಕಾಯಿಯ ಗುಣವನ್ನೇ ನೋಡೋಣ. 100 ಗ್ರಾಂ ಹಸಿ ಹಾಗಲಕಾಯಿಯಲ್ಲಿ ಇರುವ ಶಕ್ತಿ ಸುಮಾರು 17 ಕ್ಯಾಲೊರಿ ಮಾತ್ರ. ‘ಸಿ’ ಜೀವಸತ್ವ 80 ಮಿಲಿಗ್ರಾಂ ದಾಟುತ್ತದೆ. ಬೇಯಿಸಿದರೆ ಅದರಲ್ಲಿ ಒಂದಷ್ಟು ಹೋಗುತ್ತದೆ, ನಿಜ. ಆದರೂ ಉಳಿದದ್ದು ಕಡಿಮೆಯೇನಲ್ಲ. ನಾರಿನಂಶ ಇದೆ, ಸಕ್ಕರೆಯ ಅಂಶ ಬಹಳ ಕಡಿಮೆ. ಊಟದ ತಟ್ಟೆಯಲ್ಲಿ ಅನ್ನದ ಗುಡ್ಡ ಕರಗಿ ಹಾಗಲಕಾಯಿ ಪಲ್ಯ ಎರಡು ಸೌಟು ಹೆಚ್ಚಾದರೆ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೇ ಆಗುತ್ತದೆ. ಇಷ್ಟನ್ನು ಯಾವ ಡಾಕ್ಟರೂ ಅಲ್ಲಗಳೆಯುವುದಿಲ್ಲ.

ಸಂಸ್ಕೃತದಲ್ಲಿ ಇದಕ್ಕೆ ಕಾರವೇಲ್ಲ ಎಂಬ ಹೆಸರು. ನಾಟಿ ವೈದ್ಯರೂ ಆಯುರ್ವೇದ ಪಂಡಿತರೂ ಇದನ್ನು ಬಹಳ ಕಾಲದಿಂದ ಬಲ್ಲರು. ವಿಜ್ಞಾನಿಗಳೂ ಸುಮ್ಮನೆ ಕೂತಿಲ್ಲ. ಈ ಕಾಯಿಯಲ್ಲಿ ಚರಂಟಿನ್ ಎಂಬ ವಸ್ತುವನ್ನು ಗುರುತಿಸಿದ್ದಾರೆ. 1981ರಲ್ಲಿ ಭಾರತದ ಸಂಶೋಧಕರು ಇದರಿಂದ ಇನ್ಸುಲಿನ್‌ನಂತೆ ಕೆಲಸ ಮಾಡುವ ಒಂದು ಪ್ರೋಟೀನನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಫೋನಿನ ಸಂದೇಶಗಳಲ್ಲಿ ‘ಹಾಗಲಕಾಯಿಯಲ್ಲಿ ಇನ್ಸುಲಿನ್ ಇದೆ’ ಎಂದು ಬರುವುದರ ಮೂಲ ಇಂಥ ಕೆಲಸಗಳು. ಆದರೆ ಆ ಸಂಶೋಧಕರು ಅದನ್ನು ಕೊಟ್ಟದ್ದು ಚುಚ್ಚುಮದ್ದಾಗಿ. ಲೋಟದಲ್ಲಿ ಕುಡಿದ ಪ್ರೋಟೀನು ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೆಯೇ ಜೀರ್ಣವಾಗಿ ಹೋಗುತ್ತದೆ. ಇನ್ಸುಲಿನ್ನನ್ನು ಯಾರೂ ಕುಡಿಯದೆ ಸೂಜಿಯಲ್ಲಿ ಚುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಸಂದೇಶ ಕಳಿಸುವವರು ಸೂಜಿಯ ಮಾತನ್ನು ಮಾತ್ರ ನುಂಗಿಬಿಡುತ್ತಾರೆ!

ಥಾಯ್ಲೆಂಡಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಕಂಡವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಹೊರಬಿತ್ತು. ದಿನಕ್ಕೆ 2 ಗ್ರಾಂ ಒಣ ಹಾಗಲಪುಡಿಯನ್ನು ನಾಲ್ಕು ವಾರ ಕೊಟ್ಟರು. ಸಕ್ಕರೆ ಒಂದಿಷ್ಟು ಇಳಿಯಿತು. ಆದರೆ ದಿನಕ್ಕೆ 1,000 ಮಿಲಿಗ್ರಾಂ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಿಗೆ ಇಳಿದಷ್ಟು ಇಳಿಯಲಿಲ್ಲ. ಜಗತ್ತಿನ ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ ಪರಿಶೀಲಕರು 2012ರಲ್ಲಿ ಹೇಳಿದ್ದೂ ಇಷ್ಟೇ: ಸಕ್ಕರೆ ಕಾಯಿಲೆಗೆ ಹಾಗಲವನ್ನು ಚಿಕಿತ್ಸೆ ಎಂದು ಶಿಫಾರಸು ಮಾಡಲು ಪುರಾವೆ ಸಾಲದು.

‘ಮಾತ್ರೆ ಅಂದ್ರೆ ಇಂಗ್ಲಿಷ್ ಔಷಧಿ, ಮೈಗೆ ಉಷ್ಣ, ಹಾಗಲ ಅಂದ್ರೆ ಗಿಡಮೂಲಿಕೆ, ಏನೂ ಆಗಲ್ಲ’ ಎಂಬ ವಾದವೂ ಉಂಟು. ತಮಾಷೆಯೆಂದರೆ ಮೆಟ್‌ಫಾರ್ಮಿನ್ನಿನ ಬೇರು ಸಹ ಒಂದು ಗಿಡದಲ್ಲೇ ಇದೆ. ಯುರೋಪಿನ ಗಲೀಗಾ ಎಂಬ ಗಿಡದ ಗುಣವನ್ನು ಬೆನ್ನುಹತ್ತಿ ಹೋದವರಿಗೆ ಕೊನೆಗೆ ಸಿಕ್ಕಿದ್ದು ಈ ಮಾತ್ರೆ. ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ 1957ರಲ್ಲಿ ಇದನ್ನು ಸಕ್ಕರೆ ಕಾಯಿಲೆಗೆ ಬಳಸಿದ ವಿವರ ಪ್ರಕಟಿಸಿದರು. ಗಿಡಕ್ಕೂ ಮಾತ್ರೆಗೂ ಇರುವ ವ್ಯತ್ಯಾಸ ಅಳತೆಯದು. ಮಾತ್ರೆಯಲ್ಲಿ ಎಷ್ಟಿದೆ ಎಂದು ಮೇಲೆ ಬರೆದಿರುತ್ತದೆ. ಹಾಗಲಬಳ್ಳಿಯ ಯಾವ ಕಾಯಿಯ ಮೇಲೂ ಏನೂ ಬರೆದಿಲ್ಲ. ತಳಿ, ನೆಲ, ಕೊಯ್ದ ಹೊತ್ತು, ಎಳಸು, ಬಲಿತದ್ದು, ಹೀಗೆ ಕಾಯಿಯಿಂದ ಕಾಯಿಗೆ ಸತ್ವ ಬೇರೆ.

ಬಸ್ಸಿನಲ್ಲಿ ನಡೆಯುವ ಚಿಕಿತ್ಸೆ

ದಾವಣಗೆರೆಗೂ ಜಗಳೂರಿಗೂ ಓಡಾಡುವ ಬಸ್ಸುಗಳಲ್ಲಿ ದಿನಾ ಕೇಳುವಂಥ ಮಾತು ಹೀಗಿರುತ್ತದೆ:

‘ಏನ್ ಯಜಮಾನ್ರೇ, ಬಾಳ ಸೊರಗೀರಲ್ಲ?’

‘ಶುಗರ್ ಐತಪ್ಪಾ. ಮುನ್ನೂರು ಐತಂತೆ.’

‘ಮಾತ್ರೆ ತಗಂತೀರೇನು? ಬಿಟ್ಟಾಕ್ರಿ ಅತ್ಲಾಗೆ! ನಮ್ ಮಾವಗೆ ಹಾಗ್ಲಕಾಯಿ ರಸದಾಗೇ ವಾಸಿ ಆತು.’

ಯಜಮಾನರು ತಲೆಯಾಡಿಸುತ್ತಾರೆ. ಚಿಕಿತ್ಸೆ ಮುಗಿಯಿತು! ಫೀಸಿಲ್ಲ, ಚೀಟಿಯಿಲ್ಲ. ಆದರೆ ಆ ‘ಮಾವ’ ಮೂರು ಹೊತ್ತಿನ ಅನ್ನ ಬಿಟ್ಟು ಮುದ್ದೆಗೆ ಬಂದರೋ, ದಿನಾ ಹೊಲಕ್ಕೆ ನಡೆದು ಹೋಗತೊಡಗಿದರೋ, ಮಾತ್ರೆಯನ್ನೂ ಜೊತೆಗೇ ನುಂಗುತ್ತಿದ್ದರೋ, ಅದನ್ನು ಹೇಳುವವರು ಯಾರು? ವಾಸಿಯಾದದ್ದು ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು? ಸಕ್ಕರೆ ಕಾಯಿಲೆ ಮೌನದ ಕಾಯಿಲೆ. ಇವತ್ತು ಮಾತ್ರೆ ಬಿಟ್ಟರೆ ನಾಳೆಯೇ ನೆಲಕ್ಕೆ ಬೀಳುವುದಿಲ್ಲ. ವರ್ಷಗಳ ಮೇಲೆ ಕಣ್ಣು ಮಂಜಾಗುತ್ತದೆ, ಮೂತ್ರಪಿಂಡ ಸೋಲುತ್ತದೆ, ಕಾಲಿನ ಸಣ್ಣ ಗಾಯ ಮಾಯದೆ ಕೊಳೆಯುತ್ತದೆ. ಆಗ ಬಸ್ಸಿನ ಡಾಕ್ಟರು ಯಾವ ಸ್ಟಾಪಿನಲ್ಲಿ ಇಳಿದು ಹೋದರೋ ಯಾರಿಗೆ ನೆನಪು!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಪೇಟೆಯ ಶ್ರೀಮಂತರ ರೋಗ ಎಂದು ನಕ್ಕು ಸುಮ್ಮನಾಗುವ ಕಾಲ ಹೋಯಿತು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷೆ ಮಾಡುವ ಕಾರ್ಯಕ್ರಮವಿದೆ. ಜನೌಷಧಿ ಕೇಂದ್ರಗಳಲ್ಲಿ ಮಾತ್ರೆ ಅಗ್ಗವಾಗಿ ಸಿಗುತ್ತದೆ. ಒಂದು ಕಿಲೋ ಹಾಗಲಕಾಯಿ ಹಿಂಡಿ ರಸ ತೆಗೆಯುವ ಖರ್ಚಿಗಿಂತ ಎಷ್ಟೋ ಸಲ ಮಾತ್ರೆಯ ಖರ್ಚೇ ಕಡಿಮೆ!

ಇನ್ನು ರಸ ಕುಡಿಯುವವರು ತಿಳಿಯಬೇಕಾದ ಅಪಾಯಗಳೂ ಇವೆ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಲೇ ಲೋಟಗಟ್ಟಲೆ ರಸ ಕುಡಿದರೆ ಸಕ್ಕರೆ ಮಿತಿ ಮೀರಿ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಬಸ್ಸು ಓಡಿಸುವ ಡ್ರೈವರಿಗೆ ಹೀಗಾದರೆ ಗತಿ ಏನು? ಬಸುರಿಯರಿಗೆ ರಸ, ಪುಡಿ, ಕಷಾಯ ಬೇಡವೆಂದು ವೈದ್ಯರು ಹೇಳುತ್ತಾರೆ. ಚಿಕ್ಕ ಮಕ್ಕಳಿಗಂತೂ ಕುಡಿಸಲೇಬಾರದು.

ಹಾಗಲದ ಜೊತೆಗೆ ಸೋರೆಕಾಯಿಯನ್ನೂ ರುಬ್ಬಿ ಕುಡಿಯುವ ಹೊಸ ಚಾಳಿ ಒಂದಿದೆ. ಇದು ಇನ್ನೂ ಅಪಾಯ. ಸೋರೆಕಾಯಿ ಕಹಿಯಾಗಿದ್ದರೆ ಅದು ವಿಷದ ಸೂಚನೆ. ಕಹಿ ಸೋರೆಕಾಯಿಯ ರಸ ಕುಡಿದು ಪ್ರಾಣ ಹೋದ ಪ್ರಕರಣಗಳು ಆಗಿಯೇ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಕೂರಿಸಿತು. ಕಹಿ ಇದ್ದರೆ ಚೆಲ್ಲಿ, ಬೇರೆ ರಸದೊಂದಿಗೆ ಬೆರೆಸಬೇಡಿ ಎಂಬ ಎಚ್ಚರಿಕೆ ಬಂತು. ಹಾಗಲದ ಕಹಿಯಲ್ಲಿ ಸೋರೆಯ ಕಹಿ ಮುಚ್ಚಿಹೋದರೆ ನಾಲಿಗೆಗೆ ಗೊತ್ತಾಗುವುದು ಹೇಗೆ?

ಅಡುಗೆ ಮನೆಯ ಹಾಗಲಕಾಯಿಗೆ ಈ ರಗಳೆ ಇಲ್ಲ. ಶೇಂಗಾಪುಡಿಯ ಎಣ್ಣೆಗಾಯಿ, ಗುರೆಳ್ಳಿನ ಪುಡಿ ಉದುರಿಸಿದ ಪಲ್ಯ ಜೋಳದ ರೊಟ್ಟಿಗೆ ಒಳ್ಳೇ ಜೋಡಿ. ಗೊಜ್ಜು ಮಾಡುವವರು ಮಾತ್ರ ಕೈ ನೋಡಿಕೊಳ್ಳಬೇಕು. ಹಿಡಿ ಬೆಲ್ಲ ಹಾಕಿದ ಗೊಜ್ಜು ಬಾರಿಸಿ, ‘ಹಾಗ್ಲಕಾಯಿ ತಿಂದ್ರೂ ಶುಗರ್ ಇಳೀಲಿಲ್ಲ’ ಎಂದು ಕಾಯಿಯ ಮೇಲೆ ಗೂಬೆ ಕೂರಿಸಿದರೆ ಅದು ನ್ಯಾಯವೇ?

ಸೊಕ್ಕೆ ಸೀಮೆಯ ನೀರಿನ ಲೆಕ್ಕ

ರೋಗಿಯ ಮಾತಾಯಿತು. ಇನ್ನು ಬೆಳೆಯುವವನ ಮಾತು. ಜಗಳೂರು ತಾಲ್ಲೂಕಿಗೆ ಬರ ಹೊಸ ನೆಂಟನಲ್ಲ. 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ಬಿಡಿಸಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಜಿಲ್ಲೆ ಬದಲಾಯಿತು, ಮೋಡ ಬದಲಾಗಲಿಲ್ಲ. ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ತೂಗುವಾಗ ಇಲ್ಲಿನ ರೈತ ಮೆಕ್ಕೆಜೋಳ, ಶೇಂಗಾ, ರಾಗಿ, ಈರುಳ್ಳಿ ಬಿತ್ತಿ ಆಕಾಶ ನೋಡುತ್ತಾನೆ. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ ಯೋಜನೆ, ಎರಡರ ಹೆಸರೂ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಯೋಜನೆಯ ಹೆಸರಿನಿಂದ ಹೊಲ ನೆನೆಯುವುದಿಲ್ಲ. ಇವತ್ತಿನ ಬೆಳೆಗೆ ಇವತ್ತಿನ ಕೊಳವೆಬಾವಿಯೇ ಗತಿ.

ಕೊಳವೆಬಾವಿಯಲ್ಲಿ ಎರಡು ಇಂಚು ನೀರು ಕಂಡ ಕೂಡಲೇ ಅಡಿಕೆ ಸಸಿ ತರುವುದು ಈಗಿನ ಹುಚ್ಚು. ಅಡಿಕೆಗೆ ಬೆಲೆ ಇದೆ, ತಪ್ಪು ಹೇಳುವಂತಿಲ್ಲ. ಆದರೆ ಅಡಿಕೆ ವರ್ಷ ವರ್ಷವೂ ಬೇಸಿಗೆಯಲ್ಲಿ ನೀರು ಕೇಳುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ಮರು ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಿ ಅಡಿಕೆ ಗಿಡ ಉಳಿಸಿಕೊಳ್ಳುವ ಪಾಡು ಜಿಲ್ಲೆಯ ರೈತರಿಗೆ ಬಂತು. ಕುಡಿಯಲು ನೀರಿಲ್ಲದ ಊರಿನಲ್ಲಿ ಗಿಡಕ್ಕೆ ಟ್ಯಾಂಕರ್!

ಹಾಗಲಬಳ್ಳಿಯ ಆಯಸ್ಸು ನಾಲ್ಕೈದು ತಿಂಗಳು. ನೀರಿದ್ದ ವರ್ಷ ಹಾಕಬಹುದು, ಇಲ್ಲದ ವರ್ಷ ಬಿಡಬಹುದು. ಬಿಟ್ಟರೆ ಕಂಬ, ತಂತಿ ಅಲ್ಲೇ ನಿಂತಿರುತ್ತವೆ. ಗಿಡ ಒಣಗಿತು ಅಂತ ಹತ್ತು ವರ್ಷದ ಶ್ರಮ ಮಣ್ಣುಪಾಲಾಗುವುದಿಲ್ಲ. ಹನಿ ನೀರಾವರಿ ಪೈಪು ಎಳೆದು ಬುಡಕ್ಕೆ ಹೊದಿಕೆ ಮಾಡಿದರೆ ಸಣ್ಣ ಬಾವಿಯ ನೀರಿನಲ್ಲೇ ಬೆಳೆ ಕೈಗೆ ಬರುತ್ತದೆ. ಒಣ ಸೀಮೆಗೆ ಹಾಗಲ ಒಪ್ಪುವುದು ಈ ಕಾರಣಕ್ಕೆ. ಶುಗರ್ ರೋಗಿಗಳ ಲೆಕ್ಕ ಹಿಡಿದು ಬೆಳೆ ಹಾಕಿದವನು ಮಾತ್ರ ಬೇಸ್ತು ಬೀಳುತ್ತಾನೆ.

ಚಪ್ಪರದ ಕೆಳಗಿನ ಕೆಲಸ

ಬಿತ್ತುವ ಕಾಲ ಎರಡು. ಮುಂಗಾರಿನ ಜೂನ್–ಜುಲೈ ಒಂದು. ನೀರಾವರಿ ಇದ್ದವರಿಗೆ ಜನವರಿ–ಫೆಬ್ರವರಿ ಇನ್ನೊಂದು. ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಸಿ ಊರಿದರೆ ಮೊಳಕೆ ಬೇಗ. ನೀರು ನಿಲ್ಲುವ ಹೊಲ ಬೇಡ. ಗುಣಿಗೆ ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಬೀಳಬೇಕು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಹರಿತ್’ ಹಳೆಯ ಹೆಸರಾದ ತಳಿ. ಕಂಪನಿಗಳ ಹೈಬ್ರಿಡ್ ಬೀಜಗಳಂತೂ ಅಂಗಡಿ ತುಂಬ ಇವೆ. ಬೀಜ ಕೊಳ್ಳುವ ಮೊದಲು ಮಾರುಕಟ್ಟೆಗೆ ಹೋಗಿ ಉದ್ದನೆಯ ಕಾಯಿ ಓಡುತ್ತದೋ, ಗಿಡ್ಡ ಮುಳ್ಳುಕಾಯಿ ಓಡುತ್ತದೋ ಕೇಳಬೇಕು. ಬೆಳೆದ ಮೇಲೆ ಕೇಳಿದರೆ ಬರುವ ಉತ್ತರ ಒಂದೇ: ‘ಈ ಮಾಲು ಇಲ್ಲಿ ಹೋಗಲ್ಲಪ್ಪಾ!’

ನೆಲದ ಮೇಲೆ ಬಳ್ಳಿ ಬಿಟ್ಟರೆ ಕಾಯಿ ಕೊಳೆಯುತ್ತದೆ, ಡೊಂಕಾಗುತ್ತದೆ. ಚಪ್ಪರಕ್ಕೆ ಹಬ್ಬಿಸಿದರೆ ಕಾಯಿ ನೆಟ್ಟಗೆ ಇಳಿಬೀಳುತ್ತದೆ, ಬಣ್ಣ ಒಂದೇ ಸಮ, ಕೊಯ್ಲೂ ಸುಲಭ. ಖರ್ಚು ಇರುವುದೂ ಚಪ್ಪರದಲ್ಲೇ. ಮೊದಲ ಸಲಕ್ಕೆ ಕಲ್ಲುಕಂಬ, ದಪ್ಪ ತಂತಿ ಎಂದು ಸಾಲ ಮಾಡುವ ಬದಲು ನೀಲಗಿರಿ ಗಳ, ಬಿದಿರು, ಪ್ಲಾಸ್ಟಿಕ್ ಬಲೆಯಲ್ಲಿ ಹತ್ತು ಗುಂಟೆ ಮಾಡಿ ನೋಡುವುದು ಜಾಣತನ.

ಬಳ್ಳಿಯಲ್ಲಿ ಮೊದಲು ಕಾಣುವುದು ಬರೇ ಗಂಡು ಹೂವು. ‘ಹೂವು ಬಿಡ್ತು, ಕಾಯಿ ಕಚ್ಚಲಿಲ್ಲ’ ಎಂದು ಹೊಸಬರು ಗಾಬರಿಯಾಗಿ ಔಷಧದ ಅಂಗಡಿಗೆ ಓಡುತ್ತಾರೆ. ಅಗತ್ಯವಿಲ್ಲ. ಹೆಣ್ಣು ಹೂವು ಆಮೇಲೆ ಬರುತ್ತದೆ, ಅದರ ಬುಡದಲ್ಲೇ ಪುಟ್ಟ ಹಾಗಲಕಾಯಿಯ ಆಕಾರ ಕಾಣುತ್ತದೆ. ಗಂಡಿನಿಂದ ಹೆಣ್ಣಿಗೆ ಪರಾಗ ಒಯ್ಯುವುದು ಜೇನುನೊಣ. ಅದು ಬೆಳಿಗ್ಗೆ ಬರುತ್ತದೆ. ಬೆಳಿಗ್ಗೆಯೇ ಕೀಟನಾಶಕ ಹೊಡೆದವನು ತನ್ನ ಕೂಲಿಯವರನ್ನೇ ಹೊಡೆದಂತೆ. ಹೊಡೆಯಲೇಬೇಕಾದರೆ ಸಂಜೆ.

ಬಿತ್ತಿದ 55–60 ದಿನಕ್ಕೆ ಕೊಯ್ಲು ಶುರು. ಎರಡು ಮೂರು ದಿನಕ್ಕೊಮ್ಮೆ ಬಿಡಿಸಲೇಬೇಕು. ಬಿಟ್ಟರೆ ಕಾಯಿ ಹಣ್ಣಾಗಿ ಕೇಸರಿ ಬಣ್ಣಕ್ಕೆ ತಿರುಗಿ ಬಿರಿಯುತ್ತದೆ. ಅದನ್ನು ಕೊಳ್ಳುವವರೂ ಇಲ್ಲ, ಬಳ್ಳಿಯೂ ಹೊಸ ಕಾಯಿ ಕಚ್ಚುವುದನ್ನು ಕಡಿಮೆ ಮಾಡುತ್ತದೆ.

ದೊಡ್ಡ ಶತ್ರು ಹಣ್ಣುನೊಣ. ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಹುಳ ಒಳಗಿಂದಲೇ ತಿನ್ನುತ್ತದೆ. ಮೇಲಿನಿಂದ ಎಷ್ಟು ಔಷಧ ಹೊಡೆದರೂ ಒಳಗಿನ ಹುಳಕ್ಕೆ ತಾಗುವುದಿಲ್ಲ. ಉದುರಿದ, ಹುಳ ಬಿದ್ದ ಕಾಯಿಗಳನ್ನು ದಿನಾ ಆರಿಸಿ ಆಳವಾಗಿ ಹೂಳುವುದು, ಗಂಡು ನೊಣಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದು, ಇವೆರಡೇ ಅಗ್ಗದ ಉಪಾಯ. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಕಟ್ಟಿದರೆ ಫಲ ಹೆಚ್ಚು. ಒಬ್ಬನೇ ಕಟ್ಟಿದರೆ ಪಕ್ಕದ ಹೊಲದ ನೊಣ ಇವನ ಹೊಲಕ್ಕೆ ಊಟಕ್ಕೆ ಬರುತ್ತದೆ.

ಇಲ್ಲೇ ರೋಗಿಯ ಲೋಟಕ್ಕೂ ರೈತನ ಪಂಪಿಗೂ ಗಂಟು ಬೀಳುವುದು. ನೊಣಕ್ಕೆ ಹೆದರಿ ಸಂಜೆ ವಿಷ ಹೊಡೆದು ಬೆಳಿಗ್ಗೆ ಕಾಯಿ ಬಿಡಿಸಿ ಕಳಿಸಿದರೆ ಅದು ಎಲ್ಲಿಗೆ ಹೋಗುತ್ತದೆ? ಬೇಯಿಸಿ ತಿನ್ನುವವರ ಮನೆಗೂ ಹೋಗುತ್ತದೆ, ಆರೋಗ್ಯದ ಆಸೆಗೆ ಹಸಿ ಹಸಿಯಾಗಿ ಹಿಂಡಿ ಕುಡಿಯುವ ರೋಗಿಯ ಮನೆಗೂ ಹೋಗುತ್ತದೆ. ಔಷಧಿ ಎಂದು ಕುಡಿದದ್ದು ಕೀಟನಾಶಕ! ಡಬ್ಬಿಯ ಮೇಲೆ ಸಿಂಪಡಿಸಿದ ಎಷ್ಟು ದಿನದ ಮೇಲೆ ಕೊಯ್ಯಬೇಕೆಂದು ಅಚ್ಚು ಹಾಕಿರುತ್ತಾರೆ. ಅದನ್ನು ಓದಿ ಹೇಳುವ ಜವಾಬ್ದಾರಿ ಔಷಧ ಮಾರುವ ಅಂಗಡಿಯವರಿಗೂ ಉಂಟು. ಎರಡು ದಿನಕ್ಕೊಮ್ಮೆ ಕೊಯ್ಯುವ ಬೆಳೆಗೆ ಹತ್ತು ದಿನ ಕಾಯಬೇಕಾದ ವಿಷವನ್ನು ಮಾರುವುದು ವ್ಯಾಪಾರವಲ್ಲ, ದ್ರೋಹ.

ತಕ್ಕಡಿಯ ಮುಂದೆ

ಇನ್ನು ಮಾರಾಟದ ಗೋಳು. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟ. ಚೆನ್ನಾಗಿ ನೋಡಿಕೊಂಡ ಹಾಗಲ ಎಕರೆಗೆ 4ರಿಂದ 6 ಟನ್ ಕೊಡುತ್ತದೆ. ಹತ್ತು ಗುಂಟೆಗೆ ಒಂದು, ಒಂದೂವರೆ ಟನ್. ಅದು ಒಂದೇ ದಿನ ಬರುವುದಿಲ್ಲ, ಸುಮಾರು 20 ಕೊಯ್ಲಿನಲ್ಲಿ ಬರುತ್ತದೆ. ಅಂದರೆ ಒಂದು ಕೊಯ್ಲಿಗೆ 50ರಿಂದ 75 ಕಿಲೋ, ಒಂದೋ ಎರಡೋ ಚೀಲ. ಇಷ್ಟು ಮಾಲಿಗೆ ಲಾರಿ ಬೇಡ. ಬಸ್ಸಿನಲ್ಲೋ, ನಾಲ್ಕು ಜನ ಸೇರಿ ಲಗೇಜ್ ಆಟೋದಲ್ಲೋ ಜಗಳೂರಿಗೆ ಸಾಗಿಸಬಹುದು. ಪೇಟೆಯ ನಾಲ್ಕೈದು ತರಕಾರಿ ಅಂಗಡಿಗಳು, ಎರಡು ಖಾನಾವಳಿಗಳು ಕೊಂಡರೆ ಮುಗಿಯಿತು.

ಅದೇ ಒಬ್ಬನು ಎರಡು ಎಕರೆ ಹಾಕಿದರೆ ಒಂದು ಕೊಯ್ಲಿಗೆ ನಾಲ್ಕರಿಂದ ಆರು ಕ್ವಿಂಟಲ್. ಊರಿನ ಹತ್ತು ಜನ ಒಂದೇ ವಾರ ಬಿತ್ತಿ ಹೀಗೆಯೇ ಮಾಡಿದರೆ ಟೊಮ್ಯಾಟೊ ರಸ್ತೆಗೆ ಸುರಿದ ಹಾಗೆ ಹಾಗಲವನ್ನೂ ಸುರಿಯಬೇಕಾದೀತು. ಟೊಮ್ಯಾಟೊವನ್ನು ಎಲ್ಲರೂ ದಿನಾ ತಿನ್ನುತ್ತಾರೆ. ಹಾಗಲವನ್ನು ವಾರಕ್ಕೊಮ್ಮೆ ತಿನ್ನುವ ಮನೆಯೇ ಹೆಚ್ಚು. ಮಕ್ಕಳು ಮೂತಿ ತಿರುಗಿಸುವ ಮನೆಗಳಿಗೆ ಲೆಕ್ಕವಿಲ್ಲ. ‘ರೋಗಿಗಳು ಕೊಳ್ತಾರೆ’ ಎಂಬ ಭರವಸೆಯ ಮೇಲೆ ಎಕರೆಗಟ್ಟಲೆ ಬೆಳೆದವನ ಕಾಯಿಯನ್ನು ಫೋನಿನ ಸಂದೇಶ ಬಂದು ಕೊಳ್ಳುವುದಿಲ್ಲ.

ದೊಡ್ಡ ಮಂಡಿಗೆ ಒಯ್ದರೋ, ಅಲ್ಲಿನ ಆಟ ಬೇರೆ. ಎಪಿಎಂಸಿ ನಿಯಮದಂತೆ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಆದರೆ ರಾಜ್ಯದ ತರಕಾರಿ ಮಂಡಿಗಳಲ್ಲಿ ಬಿಳಿ ಚೀಟಿಯ ಮೇಲೆ ರೈತನಿಂದಲೇ ಕಮಿಷನ್ ಮುರಿದುಕೊಳ್ಳುವ ದೂರು ಹಳೆಯದು. ಮೇಲೆ ಹಮಾಲಿ, ಬಾಡಿಗೆ, ಸ್ಯಾಂಪಲ್ಲಿಗೆಂದು ತೆಗೆದ ಕಾಯಿ, ತೂಕದಲ್ಲಿ ಹೋದ ಕಿಲೋ! ಕೊನೆಗೆ ರೈತನ ಕೈಗೆ ಬಂದದ್ದು ನೋಡಿದರೆ ಹಾಗಲಕ್ಕಿಂತ ಕಹಿ.

ಅಂಗಡಿಯವರನ್ನೇ ಬೈದು ಪ್ರಯೋಜನವಿಲ್ಲ. ಅವರ ಕಷ್ಟವೂ ಇದೆ. ಹಾಗಲಕಾಯಿ ಎರಡು ದಿನ ಇಟ್ಟರೆ ಹಳದಿಗೆ ತಿರುಗುತ್ತದೆ, ನಷ್ಟ ಅವರದೇ. ದೂರದ ಮಂಡಿಯಿಂದ ಬಂದ ಬಾಡಿದ ಮಾಲಿಗಿಂತ ಬೆಳಿಗ್ಗೆ ಕೊಯ್ದ ಸ್ಥಳೀಯ ಮಾಲು ಒಂದು ದಿನವಾದರೂ ಹೆಚ್ಚು ಬಾಳಿಕೆ ಬರುತ್ತದೆ. ವಾರಕ್ಕೆ ಇಷ್ಟು ಕಿಲೋ ಎಂದು ಅಂಗಡಿಯವರು ಮಾತು ಕೊಟ್ಟರೆ, ರೈತರು ಹದಿನೈದು ದಿನಕ್ಕೊಬ್ಬರಂತೆ ಸರದಿಯಲ್ಲಿ ಬಿತ್ತಿದರೆ ಇಬ್ಬರಿಗೂ ಲಾಭ. ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಡ.

ಆಗಬೇಕಾದ್ದೇನು?

ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರು ಮಧ್ಯವರ್ತಿಗಳ ಕಾಟ ತಾಳದೆ 1959ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ತೋಟಗಾರಿಕೆಯ ಹಿರಿಯರಾದ ಡಾ. ಎಂ.ಎಚ್. ಮರೀಗೌಡರು ಬೆನ್ನಿಗೆ ನಿಂತರು. ಆ ಸಂಘವೇ ಬೆಳೆದು ಇವತ್ತಿನ ಹಾಪ್‌ಕಾಮ್ಸ್ ಆಯಿತು. ಸೊಕ್ಕೆಗೆ ಅಷ್ಟು ದೊಡ್ಡದು ಬೇಡ. ಹೋಬಳಿ ಕೇಂದ್ರದಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವಾಗಿ ನೆರಳಿರುವ ಒಂದು ಕಟ್ಟೆ, ಸರಿಯಾಗಿ ತೂಗುವ ಒಂದು ತಕ್ಕಡಿ, ಹಿಂದಿನ ದಿನದ ಮಾರುಕಟ್ಟೆ ಧಾರಣೆ ಬರೆದ ಒಂದು ಕರಿ ಹಲಗೆ, ಇಷ್ಟು ಸಾಕು. ಹಾಗಲ ಮಾತ್ರವಲ್ಲ, ಹೀರೆ, ಬದನೆ, ಚವಳಿಕಾಯಿ, ಮೆಣಸಿನಕಾಯಿ ಎಲ್ಲವೂ ಅಲ್ಲೇ ಸೇರಲಿ. ಪಂಚಾಯಿತಿ ಮನಸ್ಸು ಮಾಡಿದರೆ ಇದು ಬೆಟ್ಟ ಹೊರುವ ಕೆಲಸವಲ್ಲ.

ರೈತ ಸಂಪರ್ಕ ಕೇಂದ್ರ ಹೋಬಳಿಗೊಂದು ಇದೆ. ಮೆಕ್ಕೆಜೋಳದ ಬೀಜಕ್ಕೆ ಅಲ್ಲಿ ಸರದಿ ನಿಲ್ಲುವ ರೈತನಿಗೆ ಹಣ್ಣುನೊಣದ ಬಲೆಯೂ ಅಲ್ಲೇ ಸಿಗುವಂತಾಗಲಿ. ತೋಟಗಾರಿಕೆ ಇಲಾಖೆಯವರು ವಾರಕ್ಕೊಂದು ನಿಗದಿತ ದಿನ ಹೋಬಳಿಯಲ್ಲಿ ಕೂತು ಬಲೆ ಕಟ್ಟುವುದನ್ನೂ, ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕೆಂಬುದನ್ನೂ ತೋರಿಸಿ ಕೊಡಲಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಚಪ್ಪರದ ಕೆಳಗೇ ಕರೆಸಿದರೆ ಸಭಾಂಗಣದ ಹತ್ತು ಭಾಷಣಕ್ಕಿಂತ ಮೇಲು.

ಬಸ್ಸಿನವರ ಪಾತ್ರವೂ ಸಣ್ಣದಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮನೆಯ ಹೆಂಗಸು ತಾನೇ ಎರಡು ಬುಟ್ಟಿ ತರಕಾರಿ ಒಯ್ದು ಮಾರಿ ಸಂಜೆಗೆ ಬರುವ ದಾರಿ ಇದರಿಂದ ತೆರೆದಿದೆ. ಆದರೆ ಬುಟ್ಟಿ ನೋಡಿದ ಕೂಡಲೇ ‘ಇದೇನಮ್ಮಾ, ಲಾರಿ ಮಾಡ್ಕಂಡೀಯಾ?’ ಎಂದು ಕಂಡಕ್ಟರು ಗದರಿದರೆ ಆ ದಾರಿ ಮುಚ್ಚಿದಂತೆಯೇ. ಬೆಳಗಿನ ಒಂದು ಬಸ್ಸಿನಲ್ಲಾದರೂ ತರಕಾರಿ ಬುಟ್ಟಿಗೆ ಗೌರವದ ಜಾಗ ಇರಲಿ. ಲಗೇಜಿನ ದರ ಎಷ್ಟು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದಿಡಲಿ, ಕಂಡಕ್ಟರಿಗೂ ಪ್ರಯಾಣಿಕರಿಗೂ ಜಗಳ ತಪ್ಪುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಹೇಳಬೇಕಾದ್ದು ಎರಡೇ ಮಾತು. ಹಾಗಲಕಾಯಿ ಪಲ್ಯ ಮಾಡಿಸಿಕೊಂಡು ತಿನ್ನಿ. ಮಾತ್ರೆಯನ್ನು ಡಾಕ್ಟರ್ ಹೇಳದೆ ಬಿಡಬೇಡಿ. ರಸ, ಪುಡಿ ಬಳಸುವ ಆಸೆ ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಆಸ್ಪತ್ರೆಯವರೂ ಸಿಡುಕದೆ ಕೇಳಿಸಿಕೊಳ್ಳಲಿ. ಐದು ನಿಮಿಷ ಮಾತಾಡಲು ಆಸ್ಪತ್ರೆಯಲ್ಲಿ ಯಾರೂ ಸಿಗದೆ ಹೋದಾಗಲೇ ಜನ ಬಸ್ಸಿನ ಡಾಕ್ಟರನ್ನು ಹುಡುಕುವುದು.

ಕಾಯಿಗೆ ಪಟ್ಟ ಕಟ್ಟುವುದಕ್ಕೆ ಖರ್ಚಿಲ್ಲ, ಕಟ್ಟೆ ಕಟ್ಟುವುದಕ್ಕೆ ಒಂದಿಷ್ಟು ಖರ್ಚಿದೆ. ಅದಕ್ಕೇ ಇರಬೇಕು, ಮೊದಲನೆಯದು ಬೇಗ ಆಗಿಬಿಟ್ಟಿತು. ಎರಡನೆಯದನ್ನು ಮಾಡುವವರು ಯಾರು? ಸೊಕ್ಕೆಯ ಪಂಚಾಯಿತಿ, ತೋಟಗಾರಿಕೆ ಇಲಾಖೆ, ಜಗಳೂರಿನ ವರ್ತಕರು ಒಂದು ಸಲ ಒಂದೇ ಬೆಂಚಿನ ಮೇಲೆ ಕೂತು ಉತ್ತರ ಹೇಳಲಿ. ಮುಂದಿನ ಮುಂಗಾರು ಬಿತ್ತನೆಗೆ ಮೊದಲು ಹೇಳಿದರೆ ಇನ್ನೂ ಒಳ್ಳೆಯದು.